ಕೆಸರಿನ ಮೇಲೆ ನಿಂತ ಕಲ್ಲಿನ ಕಮಾನು

ಇಟಲಿಯ ವೆನಿಸ್ ನಗರದಲ್ಲಿ ನೀರೇ ರಾಜಬೀದಿ. ಗ್ರ್ಯಾಂಡ್ ಕೆನಾಲ್ ಎಂಬ ಹಿರಿಯ ಕಾಲುವೆ ಊರನ್ನು ಇಬ್ಭಾಗ ಮಾಡಿ ಹಾವಿನಂತೆ ಬಳುಕಿ ಸಾಗುತ್ತದೆ. ರೈಲು ನಿಲ್ದಾಣದ ಮುಂದೆ ಮೋಟಾರು ದೋಣಿಯೇರಿದ ಪ್ರವಾಸಿಯು ಇಕ್ಕೆಲದ ಮಹಲುಗಳನ್ನು ನೋಡುತ್ತಿರುವಂತೆಯೇ, ಒಂದು ತಿರುವಿನಲ್ಲಿ ಬಿಳಿಯ ಕಮಾನೊಂದು ಎದುರಾಗುತ್ತದೆ. ಅದೇ ಜಗತ್ಪ್ರಸಿದ್ಧವಾದ ರಿಯಾಲ್ಟೊ ಸೇತುವೆ.

ಮೆಟ್ಟಿಲೇರಿ ಹೋದರೆ ಸೇತುವೆಯ ಮೇಲೆಯೇ ಒಂದು ಪೇಟೆ! ಎರಡು ಸಾಲು ಅಂಗಡಿಗಳು. ಅವುಗಳ ನಡುವೆ ಒಂದು ಹಾದಿ, ಹೊರಬದಿಗಳಲ್ಲಿ ಎರಡು. ಹಿಂದಿನ ಮರದ ಸೇತುವೆಯ ಮೇಲೂ ಅಂಗಡಿಗಳಿದ್ದವು. ಅವುಗಳ ಬಾಡಿಗೆಯ ಹಣ ಸೇತುವೆಯ ದುರಸ್ತಿಗೆ ಒದಗುತ್ತಿತ್ತು. ಪಕ್ಕದಲ್ಲಿಯೇ ರಿಯಾಲ್ಟೊ ಮಾರುಕಟ್ಟೆ. ಭಾರತದ ಪಶ್ಚಿಮ ಕರಾವಳಿಯ ಕಾಳುಮೆಣಸು ಒಂದು ಕಾಲದಲ್ಲಿ ಅಲೆಕ್ಸಾಂಡ್ರಿಯದ ಮಾರ್ಗವಾಗಿ ಇಲ್ಲಿಗೆ ಬಂದು ಯೂರೋಪಿಗೆಲ್ಲ ಮಾರಾಟವಾಗುತ್ತಿತ್ತು.

ಎರಡು ಬಾರಿ ಕುಸಿತ

ಹನ್ನೆರಡನೆಯ ಶತಮಾನದಲ್ಲಿ ಇಲ್ಲಿದ್ದುದು ತೇಲುವ ಸೇತುವೆ. ಅನಂತರ ಬಂದ ಮರದ ಸೇತುವೆ, 1444ರಲ್ಲಿ ಫೆರಾರದ ಪ್ರಭುವಿನ ಮದುವೆಯ ದೋಣಿ ಮೆರವಣಿಗೆಯನ್ನು ನೋಡಲು ನೆರೆದವರ ಭಾರ ತಾಳಲಾರದೆ ಕುಸಿಯಿತು. 1524ರಲ್ಲಿ ಮತ್ತೊಮ್ಮೆ ಬಿದ್ದಿತು. ಕಲ್ಲಿನ ಸೇತುವೆಯೇ ಆಗಬೇಕೆಂಬ ಚರ್ಚೆ ದಶಕಗಳ ಕಾಲ ನಡೆಯಿತು. ಪಲ್ಲಾಡಿಯೊನಂಥ ಮಹಾಶಿಲ್ಪಿ ಹಲವು ಕಮಾನುಗಳ ನಕ್ಷೆ ಬರೆದ. ಆದರೆ ಕೆಲಸ ದೊರೆತದ್ದು ಎಪ್ಪತ್ತು ದಾಟಿದ ಅಂತೋನಿಯೊ ದ ಪೊಂಟೆಗೆ. ಇಟಾಲಿಯನ್ ಭಾಷೆಯಲ್ಲಿ 'ಪೊಂಟೆ' ಎಂದರೆ ಸೇತುವೆ ಎಂದೇ ಅರ್ಥ!

ಆತ ಆರಿಸಿಕೊಂಡದ್ದು ಸುಮಾರು 28 ಮೀಟರು ಅಗಲದ ಒಂಟಿ ಕಮಾನು. ನಡುವೆ ಕಂಬವಿಲ್ಲದ್ದರಿಂದ ದೋಣಿಗಳಿಗೆ ತಡೆಯಿಲ್ಲ. ಆದರೆ ಭಾರವೆಲ್ಲ ಎರಡು ದಡಗಳ ಮೇಲೆಯೇ. ದಡವೋ ಬರಿಯ ಕೆಸರು. ಇದು ನಿಲ್ಲಲಾರದೆಂದು ಸ್ಕಾಮೊಟ್ಸಿ ಎಂಬ ವಾಸ್ತುಶಿಲ್ಪಿ ಭವಿಷ್ಯ ನುಡಿದ.

ದ ಪೊಂಟೆ ಪಾಯವನ್ನು ಮೆಟ್ಟಿಲು ಮೆಟ್ಟಿಲಾಗಿ ತೋಡಿಸಿ, ದಡವೊಂದಕ್ಕೆ ಸುಮಾರು 6,000ದಂತೆ ಮರದ ಗೂಟಗಳನ್ನು ಒತ್ತೊತ್ತಾಗಿ ಹೊಡೆಸಿದ. ಅವುಗಳ ಮೇಲಿನ ಕಟ್ಟಡವನ್ನು ಕಮಾನಿನ ಒತ್ತಡಕ್ಕೆ ಎದೆಯೊಡ್ಡುವಂತೆ ಓರೆಯಾಗಿ ಎಬ್ಬಿಸಿದ. ಗಾಳಿಯಾಡದ ಕೆಸರಿನಲ್ಲಿ ಹುದುಗಿದ ಮರ ಬೇಗ ಕೊಳೆಯದು. 1588ರಲ್ಲಿ ಆರಂಭವಾದ ಕೆಲಸ 1591ರಲ್ಲಿ ಮುಗಿಯಿತು. 1854ರವರೆಗೆ ಹಿರಿಯ ಕಾಲುವೆಗೆ ಇದ್ದುದು ಇದೊಂದೇ ಸೇತುವೆ; ಈಗ ನಾಲ್ಕಿವೆ.

ಹೊರೆ ಯಾರಿಗೆ?

ಸೇತುವೆಯೇನೋ ನಿಂತಿತು. ಆದರೆ ಊರಿನವರೇ ಊರು ಬಿಡುತ್ತಿದ್ದಾರೆ. 1951ರಲ್ಲಿ ಹಳೆಯ ನಗರದಲ್ಲಿ ಸುಮಾರು 1,75,000 ಮಂದಿ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗಳ ಬಿಡಾರಗಳಾಗುತ್ತಿವೆ. 2024ರಿಂದ, ಕೆಲವು ದಿನಗಳಲ್ಲಿ, ಬಂದು ಅಂದೇ ಮರಳುವ ಪ್ರವಾಸಿಗಳು ಪ್ರವೇಶ ಶುಲ್ಕ ತೆರಬೇಕಾಗಿದೆ.

ಆದ್ದರಿಂದ ರಿಯಾಲ್ಟೊವನ್ನು ನೋಡಬೇಕಾದುದು ಬೆಳಗಿನ ಜಾವದಲ್ಲಿ. ಆಗ ಛಾಯಾಚಿತ್ರಕ್ಕಾಗಿ ನೂಕುನುಗ್ಗಲಿಲ್ಲ. ತರಕಾರಿಯ ದೋಣಿಗಳು ಮಾರುಕಟ್ಟೆಯ ದಡಕ್ಕೆ ಬಂದು ತಂಗುತ್ತವೆ; ಕೈಚೀಲ ಹಿಡಿದ ಗೃಹಿಣಿಯರು ಮೆಟ್ಟಿಲಿಳಿದು ಬರುತ್ತಾರೆ. ಸೇತುವೆಯನ್ನು ಕಟ್ಟಿದ್ದು ಇವರಿಗಾಗಿ.