ಕಾಗದದ ಸುರುಳಿ ಕಲಿಸಿದ ಪಾಠ

ಕಳೆದ ಆಗಮನ ಕಾಲದ ಒಂದು ಭಾನುವಾರ. ಬಲಿಪೂಜೆಯ ನಂತರ ಧರ್ಮೋಪದೇಶದ ತರಗತಿಗೆ ಹೋದಾಗ, ಮಕ್ಕಳು ಬಣ್ಣದ ಕಾಗದದ ಪಟ್ಟಿಗಳನ್ನು ಸುತ್ತುವುದರಲ್ಲಿ ಮಗ್ನರಾಗಿದ್ದರು. ಕ್ರಿಸ್ತಜಯಂತಿಯ ಶುಭಾಶಯ ಪತ್ರಗಳಿಗೆ ಅಲಂಕಾರವಂತೆ. ‘ಸಿಸ್ಟರ್, ಈ ಹೊತ್ತಿನಲ್ಲಿ ಒಂದು ಜಪಸರವನ್ನಾದರೂ ಹೇಳಿಸಬಹುದಿತ್ತಲ್ಲ?’ ಎಂದೆವು. ಅವರು ವಾದಕ್ಕಿಳಿಯಲಿಲ್ಲ. ‘ಫಾದರ್, ಒಂದು ಸುರುಳಿ ಮಾಡಿ ನೋಡಿ’ ಎಂದು ಪಟ್ಟಿಯೊಂದನ್ನು ನಮ್ಮ ಕೈಗಿತ್ತರು. ನಾವು ಸುತ್ತಿದ ಸುರುಳಿ, ಬೆರಳು ಸಡಿಲಿಸಿದ್ದೇ ತಡ, ಚಿಮ್ಮಿ ಬಿಚ್ಚಿಕೊಂಡಿತು. ಮಕ್ಕಳು ಮನಸಾರೆ ನಕ್ಕರು.

ಅಂದು ನಾವು ಆಡಿದ ಮಾತು ದುಡುಕಿನದೆಂಬುದು ಆಮೇಲೆ ತಿಳಿಯಿತು. ಕ್ವಿಲಿಂಗ್ ಎಂಬ ಈ ಕಲೆ ಧರ್ಮಸಭೆಗೆ ಹೊರಗಿನದಲ್ಲ. ಕ್ವಿಲ್ ಎಂದರೆ ಹಕ್ಕಿಯ ಗರಿ. 16 ಮತ್ತು 17ನೆಯ ಶತಮಾನಗಳಲ್ಲಿ ಫ್ರಾನ್ಸ್ ಮತ್ತು ಇಟಲಿಯ ಕನ್ಯಾಮಠಗಳಲ್ಲಿ ಕಾಗದದ ಸಣ್ಣ ಪಟ್ಟಿಗಳನ್ನು ಗರಿಯ ದಂಟಿಗೆ ಸುತ್ತಿ, ಸಂತರ ಪವಿತ್ರಾವಶೇಷಗಳ ಪೆಟ್ಟಿಗೆಗಳನ್ನೂ ಪೂಜ್ಯ ಚಿತ್ರಗಳನ್ನೂ ಸಿಂಗರಿಸುತ್ತಿದ್ದರು. ಅಂಚಿಗೆ ಹೊನ್ನಿನ ಬಣ್ಣವಿದ್ದ ಆ ಸುರುಳಿಗಳು ದೂರದಿಂದ ಚಿನ್ನದ ತಂತಿಯ ಕುಸುರಿಯಂತೆ ತೋರುತ್ತಿದ್ದವು. ಚಿನ್ನ ಕೊಳ್ಳಲಾಗದ ಬಡ ಮಠಗಳು ಕಾಗದದಿಂದಲೇ ಸಂತರನ್ನು ಗೌರವಿಸಿದವು. ಕಾರ್ಮೆಲ್ ಸಭೆಯ ಭಗಿನಿಯರು, 1610ರಲ್ಲಿ ಸಂತ ಫ್ರಾನ್ಸಿಸ್ ದೆ ಸಾಲ್ಸ್ ಹಾಗೂ ಸಂತ ಜೇನ್ ದೆ ಶಾಂತಾಲ್ ಸ್ಥಾಪಿಸಿದ ವಿಸಿಟೇಶನ್ ಸಭೆಯ ಭಗಿನಿಯರು ಈ ಕೆಲಸಕ್ಕೆ ಹೆಸರಾಗಿದ್ದರು. ಬಹುಪಾಲು ಕೃತಿಗಳಲ್ಲಿ ಮಾಡಿದವರ ಹೆಸರೇ ಇಲ್ಲ.

ಅಂದು ನಮಗೆ ಗುರುವಾಗಿ ಬಂದವನು ಒಬ್ಬ ಹುಡುಗ. ಕೈಕಾಲು ಸುಮ್ಮನಿರುವುದಿಲ್ಲವೆಂಬ ಕಾರಣಕ್ಕೆ ಪೀಠಸೇವಕರ ಗುಂಪಿನಿಂದ ನಾವೇ ಕೈಬಿಟ್ಟಿದ್ದವನು! ಅವನು ತೋರಿಸಿದ ಕ್ರಮವನ್ನು ಓದುಗರ ಮನೆಗಳಿಗಾಗಿ ಇಲ್ಲಿ ಬರೆಯುತ್ತೇವೆ.

ಬಣ್ಣದ ಕಾಗದವನ್ನು 5 ಮಿಲಿಮೀಟರ್ ಅಗಲ, ಸುಮಾರು 30 ಸೆಂಟಿಮೀಟರ್ ಉದ್ದದ ಪಟ್ಟಿಗಳಾಗಿ ಕತ್ತರಿಸಬೇಕು. ಹಲ್ಲುಕಡ್ಡಿಯ ತುದಿಯನ್ನು ಸ್ವಲ್ಪ ಸೀಳಿದರೆ ಅದೇ ಸಾಧನ. ಸೀಳಿನಲ್ಲಿ ಪಟ್ಟಿಯ ತುದಿ ಸಿಕ್ಕಿಸಿ, ಅಂಚುಗಳು ಒಂದೇ ಮಟ್ಟದಲ್ಲಿರುವಂತೆ ಸುತ್ತಬೇಕು. ಬಿಡುವ ಮೊದಲೇ ಕೊನೆಗೆ ಅಂಟು ಹಚ್ಚಿದರೆ ಅದು ಬಿಗಿ ಸುರುಳಿ; ಹೂವಿನ ನಡುವಿಗೆ, ದೇವದೂತನ ತಲೆಗೆ ಒದಗುತ್ತದೆ. ಸುರುಳಿಯನ್ನು ಮೇಜಿನ ಮೇಲಿಟ್ಟು, ಬೇಕಾದಷ್ಟು ಅರಳಲು ಬಿಟ್ಟು, ಆಮೇಲೆ ಅಂಟಿಸಿದರೆ ಅದು ಸಡಿಲ ಸುರುಳಿ. ಎಲ್ಲವೂ ಒಂದೇ ಅಳತೆಗೆ ಬರಬೇಕಾದರೆ ರಟ್ಟಿನಲ್ಲಿ ನಾಣ್ಯದಷ್ಟು ದುಂಡನೆಯ ತೂತು ಕೊರೆದು, ಅದರೊಳಗೆ ಅರಳಿಸಬೇಕು. ಅಂಟು ಗುಂಡುಸೂಜಿಯ ತುದಿಯಷ್ಟಿದ್ದರೆ ಸಾಕು. ಹೆಚ್ಚಾದರೆ ಕಲೆ ಉಳಿಯುತ್ತದೆ.

ಉಳಿದ ಆಕಾರಗಳೆಲ್ಲ ಸಡಿಲ ಸುರುಳಿಯಿಂದಲೇ ಹುಟ್ಟುತ್ತವೆ. ಒಂದು ಬದಿ ಚಿವುಟಿದರೆ ಹನಿ. ಎದುರುಬದುರಾಗಿ ಎರಡು ಬದಿ ಚಿವುಟಿದರೆ ಕಣ್ಣು. ಆ ಎರಡು ತುದಿಗಳನ್ನು ವಿರುದ್ಧ ದಿಕ್ಕಿಗೆ ಬಾಗಿಸಿದರೆ ಎಲೆ. ಮೂರು ಕಡೆ ಚಿವುಟಿದರೆ ತ್ರಿಕೋನ. ನಾಲ್ಕು ಕಡೆಯಾದರೆ ಚೌಕ. ಬಿಗಿ ಸುರುಳಿಯ ಸುತ್ತ ಎಂಟು ಕಣ್ಣುಗಳನ್ನು ಜೋಡಿಸಿದರೆ ಬೆತ್ಲೆಹೇಮಿನ ನಕ್ಷತ್ರ ಸಿದ್ಧ. ತ್ರಿಕೋನಕ್ಕೆ ಎರಡು ಹನಿಗಳ ರೆಕ್ಕೆ ಕೂಡಿಸಿ, ಮೇಲೊಂದು ಬಿಗಿ ಸುರುಳಿ ಇಟ್ಟರೆ ದೇವದೂತ.

ನಾವು ಎಷ್ಟು ಚಿವುಟಿದರೂ ಹನಿ ಬರಲಿಲ್ಲ. ‘ಫಾದರ್, ಅಷ್ಟು ಬಿಗಿಯಾಗಿ ಸುತ್ತಿ ಅಂಟಿಸಿಬಿಟ್ಟರೆ ಹನಿ ಆಗೋದಿಲ್ಲ. ಮೊದಲು ಸ್ವಲ್ಪ ಬಿಡಬೇಕು’ ಎಂದ ಹುಡುಗ. ಅವನು ಹೇಳಿದ್ದು ಕಾಗದದ ವಿಷಯ. ನಮಗೆ ಕೇಳಿಸಿದ್ದು ಬೇರೆ. ಅವನನ್ನು ಪೀಠದ ಬಳಿಯಿಂದ ಕಳುಹಿಸಿದ ದಿನ ನಾವು ಒಂದಿಷ್ಟೂ ಬಿಟ್ಟಿರಲಿಲ್ಲ.

ಗುರುಮಠದಲ್ಲಿ ನಾವು ದ್ರವ್ಯ ಮತ್ತು ರೂಪಗಳ ತತ್ವವನ್ನು ಅರಿಸ್ಟಾಟಲ್ ಮತ್ತು ಸಂತ ಥಾಮಸ್ ಅಕ್ವಿನಾಸರ ಆಧಾರದಿಂದ ಕಲಿತೆವು. ಒಂದೇ ಪಟ್ಟಿ ಹನಿಯೂ ಆಗುತ್ತದೆ, ಎಲೆಯೂ ಆಗುತ್ತದೆ. ಬದಲಾಗುವುದು ರೂಪ ಮಾತ್ರ. ಆ ಹುಡುಗನ ಚಂಚಲ ಬೆರಳುಗಳು ರೂಪಕ್ಕಾಗಿ ಕಾದಿದ್ದ ದ್ರವ್ಯವಾಗಿದ್ದವು. ನಾವು ಅದನ್ನು ದೋಷವೆಂದು ತಿಳಿದೆವು. ಪುಸ್ತಕದಲ್ಲಿ ಕಲಿತದ್ದನ್ನು ಮಗುವಿನಲ್ಲಿ ಗುರುತಿಸಲಾರದೆ ಹೋದೆವು.

ತಂದೆತಾಯಿಗಳೇ, ಇನ್ನೊಂದನ್ನೂ ಗಮನಿಸಿರಿ. ಸುರುಳಿಯನ್ನು ಪೂರ್ತಿ ಬಿಟ್ಟುಬಿಟ್ಟರೂ ಆಕಾರ ಬರುವುದಿಲ್ಲ. ಅರಳಿದ ಮೇಲೆ ತುದಿಯನ್ನು ಅಂಟಿಸಲೇಬೇಕು. ಮಕ್ಕಳಿಗೆ ಬಿಡುವೂ ಬೇಕು, ಬಂಧವೂ ಬೇಕು. ಯಾವುದು ಯಾವಾಗ ಎಂಬುದು ಮಗುವಿನ ಬಳಿ ಕುಳಿತು ನೋಡಿದವರಿಗೆ ಮಾತ್ರ ತಿಳಿಯುತ್ತದೆ. ವಾರಕ್ಕೊಂದು ಸಂಜೆ ದೂರದರ್ಶನವನ್ನೂ ಮೊಬೈಲನ್ನೂ ಬದಿಗಿಟ್ಟು, ಮಕ್ಕಳೊಡನೆ ನಾಲ್ಕು ಸುರುಳಿ ಸುತ್ತಿರಿ. ಜಪಸರಕ್ಕೆ ಅದು ಅಡ್ಡಿಯಾಗದು. ಸುತ್ತಿದ ಕೈಗಳೇ ಆಮೇಲೆ ಮಣಿ ಎಣಿಸಲಿ.

ಕ್ರಿಸ್ತಜಯಂತಿಯ ರಾತ್ರಿ ಆ ಹುಡುಗ ಮತ್ತೆ ಪೀಠಸೇವಕನಾಗಿ ನಿಂತ. ಕೈಗಳು ಅಂದೂ ಸುಮ್ಮನಿರಲಿಲ್ಲ. ಗೋದಲಿಯ ಮೇಲೆ ಅವನು ಮಾಡಿದ ಎಂಟು ಕಣ್ಣಿನ ನಕ್ಷತ್ರವಿತ್ತು.