ಎರಡು ಸಲ ಬಂದು ಎರಡು ಸಲ ಹೋದ ಷೆವರ್ಲೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹಳ್ಳಿಗಳಲ್ಲಿ ದೊಡ್ಡ ಗಾಡಿ ಒಬ್ಬರ ಹೆಸರಿನಲ್ಲಿದ್ದರೂ ಊರೇ ಅದನ್ನು ಬಳಸುತ್ತದೆ. ಮಿರಜ್-ಬೆಳಗಾವಿ ರೈಲು ಶೇಡಬಾಳ, ಉಗಾರ, ಕುಡಚಿ, ರಾಯಬಾಗದ ಕಡೆಯಿಂದ ಹಾದುಹೋಗುತ್ತದೆ. ಅಥಣಿ, ಚಿಕ್ಕೋಡಿ, ನಿಪ್ಪಾಣಿ ಪಟ್ಟಣಗಳಿಗೆ ರೈಲಿಲ್ಲ. ಮಿರಜ್‌ನ ದವಾಖಾನೆಗೆ ರೋಗಿಯನ್ನು ಒಯ್ಯುವುದು, ಪಂಢರಪುರ, ಸವದತ್ತಿ, ಚಿಂಚಲಿಯ ಜಾತ್ರೆಗೆ ಮನೆಮಂದಿಯೆಲ್ಲ ಹೋಗಿಬರುವುದು, ಲಗ್ನದ ದಿಬ್ಬಣ ಹೊರಡಿಸುವುದು, ಎಲ್ಲಕ್ಕೂ ಎಂಟು ಹತ್ತು ಜನ ಕೂರುವ ಬಾಡಿಗೆ ಗಾಡಿಯೇ ಬೇಕು. 2004ರಿಂದ ಹತ್ತು ಹನ್ನೆರಡು ವರ್ಷ ಈ ಕೆಲಸದಲ್ಲಿ ಬೆವರು ಹರಿಸಿದ ಗಾಡಿಗಳಲ್ಲಿ ಷೆವರ್ಲೆ ಟವೇರಾ ಒಂದು. ಮುಂದೆ ಬಂಗಾರದ ಬಣ್ಣದ ಬಿಲ್ಲುಗಂಟಿನಂಥ ಗುರುತು, ಹಿಂದೆ ಹಳದಿ ನಂಬರ್ ಪ್ಲೇಟು. ಇಂದು ಷೆವರ್ಲೆಯ ಮಾತೆತ್ತಿದರೆ ಜನ ಎರಡು ಉತ್ತರ ಕೊಡುತ್ತಾರೆ: ಗಾಡಿ ಚಲೋ ಇತ್ತು, ಕಂಪನಿ ನಂಬುವಂಥದ್ದಲ್ಲ. ಈ ಎರಡೂ ಮಾತು ಒಟ್ಟಿಗೆ ನಿಜವಾಗಿರುವುದು ಹೇಗೆ ಎಂದು ವಿಚಾರಿಸಬೇಕಾಗಿದೆ. ವಾಹನ ಕಂಪನಿಯೊಂದರ ಹೆಸರು ಉಳಿಯುವುದು ಅದರ ಎಂಜಿನ್ನಿನಿಂದ ಅಲ್ಲ, ಕೊಂಡವನ ಜೊತೆ ಅದು ಎಷ್ಟು ವರ್ಷ ನಿಲ್ಲುತ್ತದೆ ಎಂಬುದರಿಂದ ಎನ್ನುವುದು ನನ್ನ ವಾದ. ಷೆವರ್ಲೆಯ ಭಾರತದ ಇತಿಹಾಸ ಪೂರ್ತಿ ಇದಕ್ಕೆ ಸಾಕ್ಷಿ.

ಷೆವರ್ಲೆ ಹುಟ್ಟಿದ್ದು 1911ರ ನವೆಂಬರಿನಲ್ಲಿ, ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ರೇಸ್ ಚಾಲಕ ಲೂಯಿ ಷೆವರ್ಲೆ ಹೆಸರು ಕೊಟ್ಟ, ವಿಲಿಯಂ ಡ್ಯುರಾಂಟ್ ಎಂಬ ಉದ್ಯಮಿ ವ್ಯವಹಾರ ನಡೆಸಿದ. ಡ್ಯುರಾಂಟ್ 1908ರಲ್ಲಿ ಜನರಲ್ ಮೋಟಾರ್ಸ್ ಕಟ್ಟಿ, ಎರಡೇ ವರ್ಷದಲ್ಲಿ ಸಾಲ ಕೊಟ್ಟ ಬ್ಯಾಂಕುಗಳ ಕೈಗೆ ಅದನ್ನು ಕಳೆದುಕೊಂಡಿದ್ದವನು. ಷೆವರ್ಲೆಯ ಗಳಿಕೆಯ ಬಲದಿಂದಲೇ 1916ರ ಹೊತ್ತಿಗೆ ಜನರಲ್ ಮೋಟಾರ್ಸನ್ನು ಮತ್ತೆ ಹಿಡಿದ. ಅಷ್ಟರಲ್ಲಿ ಲೂಯಿ ಷೆವರ್ಲೆ ಕಂಪನಿ ಬಿಟ್ಟು ಹೊರಬಿದ್ದಾಗಿತ್ತು. ಹೆಸರಿನ ಮನುಷ್ಯ ಹೋದ, ಹೆಸರು ಮಾತ್ರ ಮಾರಾಟಕ್ಕೆ ಉಳಿಯಿತು. 1918ರಲ್ಲಿ ಷೆವರ್ಲೆ ಜನರಲ್ ಮೋಟಾರ್ಸಿನ ಒಂದು ವಿಭಾಗವಾಯಿತು. ಹೆನ್ರಿ ಫೋರ್ಡ್ ಒಂದೇ ಮಾದರಿಯ ಅಗ್ಗದ ಕಾರನ್ನು ಹಿಡಿದುಕೊಂಡಿದ್ದಾಗ ಜನರಲ್ ಮೋಟಾರ್ಸ್ ಒಬ್ಬೊಬ್ಬರ ಕಿಸೆಗೆ ತಕ್ಕ ಒಂದೊಂದು ಕಾರು ಎಂಬ ದಾರಿ ಹಿಡಿಯಿತು. 1920ರ ದಶಕ ಮುಗಿಯುವ ಮೊದಲೇ ಷೆವರ್ಲೆ ಮಾರಾಟದಲ್ಲಿ ಫೋರ್ಡನ್ನು ಹಿಂದೆ ಹಾಕಿತು.

ಅದೇ ಏರುಹೊತ್ತಿನಲ್ಲಿ, 1928ರಲ್ಲಿ, ಜನರಲ್ ಮೋಟಾರ್ಸ್ ಮುಂಬಯಿಯ ಶಿವಡಿಯಲ್ಲಿ ಕಾರ್ಖಾನೆ ತೆರೆಯಿತು. ಬಿಡಿಬಿಡಿಯಾಗಿ ಹಡಗಿನಲ್ಲಿ ಬಂದ ಭಾಗಗಳನ್ನು ಜೋಡಿಸಿ ಷೆವರ್ಲೆ ಕಾರು, ಟ್ರಕ್ಕು ಹೊರಡಿಸಿತು. ಭಾರತದ ನೆಲದಲ್ಲಿ ಮೋಟಾರು ಜೋಡಿಸಿದ ಮೊದಮೊದಲ ಕಂಪನಿಗಳಲ್ಲಿ ಅದೂ ಒಂದು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದ ಭಾಗ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೂ ನಿಪ್ಪಾಣಿ, ಚಿಕ್ಕೋಡಿ, ಅಥಣಿಯ ಜನರಿಗೆ ಸರ್ಕಾರವೂ ಪೇಟೆಯೂ ಮುಂಬಯಿಯೇ. ಷೆವರ್ಲೆಯ ಈ ಮೊದಲ ಸಂಸಾರ 1954ಕ್ಕೆ ಮುಗಿಯಿತು. ಸ್ವತಂತ್ರ ಭಾರತದ ಸರ್ಕಾರ ಸುಂಕ ಆಯೋಗದ ಸಲಹೆಯಂತೆ, ಇಲ್ಲಿಯೇ ಭಾಗಗಳನ್ನು ತಯಾರಿಸುವ ಯೋಜನೆ ಇಲ್ಲದೆ ಬರೀ ಜೋಡಿಸಿ ಮಾರುವ ಕಂಪನಿಗಳಿಗೆ ಬಾಗಿಲು ಮುಚ್ಚಿತು. ಫೋರ್ಡೂ ಹೋಯಿತು, ಜನರಲ್ ಮೋಟಾರ್ಸೂ ಹೋಯಿತು. ಈ ಹೋಗುವಿಕೆಗಾಗಿ ಕಂಪನಿಯನ್ನು ಬೈಯುವುದು ನ್ಯಾಯವಲ್ಲ ಎಂದು ಯಾರಾದರೂ ಹೇಳಿದರೆ ಅರ್ಧ ಒಪ್ಪುತ್ತೇನೆ. ನಿಯಮ ಸರ್ಕಾರದ್ದು. ಆದರೆ ಇಪ್ಪತ್ತೈದು ವರ್ಷ ಇಲ್ಲಿ ಮಾರಿದ ಮೇಲೂ ಇಲ್ಲಿಯೇ ತಯಾರಿಸುವ ನಿರ್ಧಾರಕ್ಕೆ ಬರದಿದ್ದುದು ಕಂಪನಿಯ ಆಯ್ಕೆಯೇ ಆಗಿತ್ತು. ಅದೇ ಹೊತ್ತಿನಲ್ಲಿ ಮಹೀಂದ್ರಾ ಅಮೆರಿಕದ ವಿಲ್ಲಿಸ್ ಕಂಪನಿಯಿಂದ ಪರವಾನಗಿ ಪಡೆದು ಜೀಪನ್ನು ಇಲ್ಲಿ ತಯಾರಿಸಲು ನಿಂತಿತು. ಗಾಡಿ ಅದೂ ಅಮೆರಿಕದ್ದೇ, ಆದರೆ ಅದಕ್ಕೊಂದು ಮನೆ ಇಲ್ಲಿ ಸಿಕ್ಕಿತು. ನಮ್ಮ ಹಳ್ಳಿಗಳಲ್ಲಿ ಜೀಪಿಗೆ ಸಿಕ್ಕ ಗೌರವ ಷೆವರ್ಲೆಗೆ ಸಿಗದಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಎರಡನೆಯ ಬರವು ಉದಾರೀಕರಣದ ನಂತರದ್ದು. 1994ರಲ್ಲಿ ಹಿಂದುಸ್ತಾನ್ ಮೋಟಾರ್ಸ್ ಜೊತೆ ಪಾಲುದಾರಿಕೆ, ಗುಜರಾತಿನ ಹಾಲೋಲ್‌ನಲ್ಲಿ ಕಾರ್ಖಾನೆ, ಮೊದಲು ಓಪೆಲ್ ಹೆಸರಿನ ಕಾರುಗಳು. ಅವು ಸಾಹುಕಾರರ ಕಾರುಗಳಾಗಿ ಉಳಿದವು. ಷೆವರ್ಲೆ ಹೆಸರು ಮರಳಿದ್ದು 2003ರಲ್ಲಿ ಆಪ್ಟ್ರಾ ಮೂಲಕ, ಮರುವರ್ಷ ಟವೇರಾ, 2007ರಲ್ಲಿ ಸ್ಪಾರ್ಕ್, 2010ರಲ್ಲಿ ಬೀಟ್. 2008ರಲ್ಲಿ ಪುಣೆಯ ಬಳಿ ತಳೇಗಾವದಲ್ಲಿ ಎರಡನೆಯ ಕಾರ್ಖಾನೆಯೂ ಶುರುವಾಯಿತು. ನಿಪ್ಪಾಣಿಯ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 48ನ್ನು ಹಿಡಿದು ಪುಣೆ ದಾಟಿದರೆ ಸಿಗುವ ಊರು ಅದು. ಗುರುತು ಅಮೆರಿಕದ್ದಾದರೂ ಗಾಡಿಗಳು ಅಮೆರಿಕದವಲ್ಲ. ಆಪ್ಟ್ರಾ, ಸ್ಪಾರ್ಕ್ ಎರಡೂ ಜನರಲ್ ಮೋಟಾರ್ಸ್ ಕೊಂಡುಕೊಂಡ ಕೊರಿಯಾದ ಡೇವೂ ಕಂಪನಿಯ ಕೂಸುಗಳು. ಟವೇರಾ ಜಪಾನಿನ ಇಸುಜು ಪ್ಯಾಂಥರ್ ಗಾಡಿಯ ಇನ್ನೊಂದು ರೂಪ. ಇದನ್ನೇ ಮುಂದೆ ಮಾಡಿ ಷೆವರ್ಲೆ ಮೋಸದ ಹೆಸರು ಎನ್ನುವವರಿದ್ದಾರೆ. ಆ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ಕೊಲ್ಹಾಪುರಿ ಚಪ್ಪಲಿಯನ್ನು ನೋಡಿ. ಹೆಸರು ಕೊಲ್ಹಾಪುರದ್ದು, ಅದನ್ನು ಹೊಲಿಯುವ ಕೈಗಳು ಅಥಣಿ, ನಿಪ್ಪಾಣಿ, ಚಿಕ್ಕೋಡಿ ಸೀಮೆಯಲ್ಲೂ ತಲೆತಲಾಂತರದಿಂದ ಇವೆ. ಅದಕ್ಕೇ ಅದರ ಭೌಗೋಳಿಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಪಾಲಿದೆ. ಬೇರೆ ಊರಿನ ಹೆಸರಿದ್ದರೂ ಆ ಚಪ್ಪಲಿಯ ಮಾನ ಕಡಿಮೆಯಾಗಲಿಲ್ಲ, ಏಕೆಂದರೆ ಹೊಲಿಯುವವರು ಊರು ಬಿಟ್ಟು ಹೋಗಲಿಲ್ಲ. ಷೆವರ್ಲೆಯ ತೊಡಕು ಇಸುಜು ದೇಹಕ್ಕೆ ಅಮೆರಿಕದ ಗುರುತು ಅಂಟಿಸಿದ್ದರಲ್ಲಿಲ್ಲ, ಮುಂದಿನ ಕಥೆಯಲ್ಲಿದೆ.

ಟವೇರಾ ಈ ಸೀಮೆಗೆ ಹೇಳಿ ಮಾಡಿಸಿದಂತಿತ್ತು. ಉಕ್ಕಿನ ಚಾಸಿಯ ಮೇಲೆ ಕೂರಿಸಿದ ಬಾಡಿ, ಹಿಂದೆ ಕಮಾನು ಪಟ್ಟಿಗಳು, ಎರಡೂವರೆ ಲೀಟರಿನ ಇಸುಜು ಡೀಸೆಲ್ ಎಂಜಿನ್, ಏಳರಿಂದ ಹತ್ತು ಸೀಟು. ಕಬ್ಬಿನ ಟ್ರ್ಯಾಕ್ಟರುಗಳು ತುಳಿದು ಕೆಡಿಸಿದ ದಾರಿಗೆ ಹೆದರದ, ಹೆದ್ದಾರಿಯಲ್ಲೂ ಸೋಲದ ಗಾಡಿ. ಹೊತ್ತೂ ಕೂಡಿಬಂತು. ಬಾಡಿಗೆ ಗಾಡಿಯವರ ಅಚ್ಚುಮೆಚ್ಚಿನ ಟೊಯೊಟಾ ಕ್ವಾಲಿಸ್ ಇನ್ನೂ ಬೇಡಿಕೆಯಿರುವಾಗಲೇ 2005ರಲ್ಲಿ ನಿಂತಿತು, ಅದರ ಜಾಗಕ್ಕೆ ಬಂದ ಇನ್ನೋವಾ ದುಬಾರಿಯಾಯಿತು. ಮಹೀಂದ್ರಾದ ಬೊಲೆರೋ ಮತ್ತು ಇನ್ನೋವಾಗಳ ನಡುವೆ ಖಾಲಿಬಿದ್ದ ಜಾಗಕ್ಕೆ ಟವೇರಾ ಬಂದು ನಿಂತಿತು. ಇಲ್ಲಿ ಗಾಡಿ ಕೊಳ್ಳುವ ಲೆಕ್ಕವೇ ಬೇರೆ ಎಂಬುದನ್ನು ದೊಡ್ಡ ಕಂಪನಿಗಳು ಅರಿಯಬೇಕು. ಕಬ್ಬಿನ ಬಿಲ್ಲು ಕೈಸೇರಿದಾಗ ಮುಂಗಡ, ಉಳಿದದ್ದಕ್ಕೆ ಬ್ಯಾಂಕು ಇಲ್ಲವೆ ಊರಿನ ಪತ್ತಿನ ಸಂಘದ ಸಾಲ, ಗಾಡಿ ದುಡಿದು ಸಾಲ ತೀರಿಸಬೇಕು, ತೀರಿದ ಮೇಲೆ ಮಾರಿದರೆ ಮುಂದಿನ ಗಾಡಿಗೆ ಮುಂಗಡ ಹುಟ್ಟಬೇಕು. ಅಂದರೆ ಕೊಳ್ಳುವ ದಿನವೇ ಮಾರುವ ದಿನದ ಬೆಲೆಯೂ ಲೆಕ್ಕದಲ್ಲಿರುತ್ತದೆ. ಈ ಸರಪಳಿಯಲ್ಲಿ ಕಂಪನಿ ಹತ್ತು ಹದಿನೈದು ವರ್ಷ ಇರುತ್ತದೆ ಎಂಬ ನಂಬಿಕೆಯೇ ಮೊದಲ ಕೊಂಡಿ.

ಗಾಡಿ ಚಲೋ ಇತ್ತು ಎನ್ನುವ ಮಾತಿಗೆ ದೊಡ್ಡ ಆಕ್ಷೇಪ 2013ರದ್ದು. ಆ ವರ್ಷದ ಜುಲೈನಲ್ಲಿ ಕಂಪನಿ 2005ರಿಂದ 2013ರವರೆಗೆ ತಯಾರಾದ ಸುಮಾರು 1.14 ಲಕ್ಷ ಟವೇರಾಗಳನ್ನು ದುರಸ್ತಿಗೆ ವಾಪಸು ಕರೆಯಿತು. ಹೊಗೆಯ ಪರೀಕ್ಷೆಗೆ ಒಳಪಡುವ ಗಾಡಿಗಳಿಗೆ ಕಡಿಮೆ ಹೊಗೆ ಬಿಡುವ ಎಂಜಿನ್ನುಗಳನ್ನೇ ಆರಿಸಿ ಹಾಕಿ ತಪಾಸಣೆ ಪಾಸು ಮಾಡಿಸಿಕೊಂಡದ್ದು ಹೊರಬಿತ್ತು. ಕಂಪನಿ ತಾನೇ ಸರ್ಕಾರಕ್ಕೆ ತಿಳಿಸಿ ಹಲವು ನೌಕರರನ್ನು ತೆಗೆದುಹಾಕಿತು. ಇದು ಗಂಭೀರ ಅಪರಾಧ, ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಆ ಹೊಗೆ ಕುಡಿದದ್ದು ನಮ್ಮದೇ ಬಸ್‌ನಿಲ್ದಾಣ, ಪೇಟೆಗಳ ಜನ. ಆದರೂ ಇದರಿಂದ ಸಿದ್ಧವಾಗುವುದೇನು ಎಂದು ಬಿಡಿಸಿ ನೋಡಬೇಕು. ಗಾಡಿ ಕೆಟ್ಟು ದಾರಿಯಲ್ಲಿ ನಿಂತದ್ದು ಇಲ್ಲಿನ ವಿಷಯವಲ್ಲ. ತಯಾರಕ ತಪಾಸಣೆಯವನಿಗೆ ಸುಳ್ಳು ಹೇಳಿದ್ದು ವಿಷಯ. ಬಾಡಿಗೆ ಹೊಡೆಯುವವನಿಗೆ ಗಾಡಿಯ ಮೇಲಿದ್ದ ವಿಶ್ವಾಸ ಇದರಿಂದ ಅಲುಗಲಿಲ್ಲ, ಕಂಪನಿಯ ಮೇಲಿನದು ಅಲುಗಿತು. ಗಾಡಿಯ ಮಾನವೂ ಕಂಪನಿಯ ಮಾನವೂ ಬೇರೆ ಬೇರೆ ದಾರಿ ಹಿಡಿದದ್ದು ಇಲ್ಲಿಂದಲೇ.

ನಾಲ್ಕು ವರ್ಷದ ನಂತರ ಆ ದಾರಿ ಪೂರ್ತಿ ಕವಲೊಡೆಯಿತು. 2015ರಲ್ಲಿ ಜನರಲ್ ಮೋಟಾರ್ಸಿನ ಮುಖ್ಯಸ್ಥೆ ಮೇರಿ ಬಾರಾ ಭಾರತದಲ್ಲಿ 100 ಕೋಟಿ ಡಾಲರ್ ಹೂಡುವುದಾಗಿ, ಹೊಸ ಮಾದರಿಗಳನ್ನು ತರುವುದಾಗಿ ಘೋಷಿಸಿದ್ದರು. 2017ರ ಮೇ ತಿಂಗಳಲ್ಲಿ ಅದೇ ಕಂಪನಿ ವರ್ಷಾಂತ್ಯಕ್ಕೆ ಭಾರತದಲ್ಲಿ ಮಾರಾಟವನ್ನೇ ನಿಲ್ಲಿಸುವುದಾಗಿ ಹೇಳಿತು. ಆಗ ಅದರ ಮಾರುಕಟ್ಟೆ ಪಾಲು ಶೇಕಡ 1ಕ್ಕಿಂತ ಕಡಿಮೆ. ಹಾಲೋಲ್ ಕಾರ್ಖಾನೆ ಆಗಲೇ ಮುಚ್ಚಿ ಚೀನಾದ ಕಂಪನಿಯ ಪಾಲಾಗುತ್ತಿತ್ತು, ಈಗ ಅಲ್ಲಿ ಎಂಜಿ ಕಾರುಗಳು ತಯಾರಾಗುತ್ತವೆ. ತಳೇಗಾವ ಮಾತ್ರ ನಿಲ್ಲಲಿಲ್ಲ. ಅಲ್ಲಿನ ಬೀಟ್ ಕಾರುಗಳು ಮೆಕ್ಸಿಕೊ ಮೊದಲಾದ ದೇಶಗಳಿಗೆ ಹಡಗೇರುತ್ತಿದ್ದವು. 2016-17ರಲ್ಲಿ ಇಲ್ಲಿ ಮಾರಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಗಾಡಿಗಳನ್ನು ಕಂಪನಿ ರಫ್ತು ಮಾಡಿತ್ತು. ನಮ್ಮ ಹೆದ್ದಾರಿಯ ಪಕ್ಕ ತಯಾರಾದ ಕಾರು ಮೆಕ್ಸಿಕೊದವರಿಗೆ ಹೊಸದಾಗಿ ಸಿಗುತ್ತಿತ್ತು, ನಿಪ್ಪಾಣಿಯವರಿಗೆ ಸಿಗುತ್ತಿರಲಿಲ್ಲ. 2020ರ ಡಿಸೆಂಬರಿನಲ್ಲಿ ಅದೂ ನಿಂತಿತು, ಸಾವಿರಕ್ಕೂ ಹೆಚ್ಚು ಕಾರ್ಮಿಕರ ಕೆಲಸ ಹೋಯಿತು. ಕಾರ್ಖಾನೆ ಈಗ ಹ್ಯುಂಡೈನದು.

ಕಂಪನಿಯ ಪರವಾಗಿ ಮೂರು ಮಾತು ಕೇಳಿಬರುತ್ತವೆ. ನಷ್ಟದಲ್ಲಿ ವ್ಯಾಪಾರ ನಡೆಸು ಎಂದು ಯಾರನ್ನೂ ಒತ್ತಾಯಿಸಲಾಗದು ಎಂಬುದು ಮೊದಲನೆಯದು. ನಿಜ. ಆದರೆ ಹೊರಡುವ ಹಕ್ಕಿದೆ ಎಂದ ಮಾತ್ರಕ್ಕೆ ಹೊರಡುವ ಖರ್ಚು ಯಾರ ತಲೆಗೆ ಎಂಬ ಪ್ರಶ್ನೆ ಸತ್ತುಹೋಗುವುದಿಲ್ಲ. ಹೂಡಿಕೆಯ ಘೋಷಣೆಯನ್ನು ನಂಬಿ ಆ ಎರಡು ವರ್ಷಗಳಲ್ಲಿ ಷೆವರ್ಲೆ ಕೊಂಡವರ ಗಾಡಿಯ ಹಳೆಬೆಲೆ ಒಂದೇ ಪ್ರಕಟಣೆಯಿಂದ ಬಿತ್ತು, ಸಾಲದ ಕಂತು ಮಾತ್ರ ಬೀಳಲಿಲ್ಲ. ಭಾರತದ ಗಿರಾಕಿಗೆ ಬರೀ ಅಗ್ಗ ಬೇಕು, ಒಳ್ಳೆಯದು ಬೇಡ ಎಂಬುದು ಎರಡನೆಯ ಮಾತು. ಇದು ಸುಳ್ಳೆಂದು ಟೊಯೊಟಾ ತೋರಿಸಿದೆ. ಇನ್ನೋವಾ ಅಗ್ಗದ ಗಾಡಿಯಲ್ಲ, ಆದರೂ ಚಿಕ್ಕೋಡಿಯ ಕೆಎ-23 ನಂಬರಿನಲ್ಲೂ ಕೊಲ್ಹಾಪುರದ ಎಂಎಚ್-09 ನಂಬರಿನಲ್ಲೂ ಅದು ಓಡುತ್ತಲೇ ಇದೆ. ಕ್ವಾಲಿಸ್ ನಿಂತು ಇಪ್ಪತ್ತು ವರ್ಷವಾದರೂ ಅದರ ಹೆಸರು ಕೆಡಲಿಲ್ಲ, ಏಕೆಂದರೆ ನಿಂತದ್ದು ಮಾದರಿ, ಕಂಪನಿಯಲ್ಲ. ಅಂಥದೇ ಕೆಲಸದ ಟವೇರಾದ ಗತಿ ಬೇರೆಯಾದದ್ದಕ್ಕೆ ಇದೊಂದೇ ಕಾರಣ ಎನ್ನಲಾರೆ, ಮುಖ್ಯ ಕಾರಣ ಎಂದು ಖಂಡಿತ ಹೇಳುತ್ತೇನೆ.

ಮೂರನೆಯ ಮಾತು ಹೆಚ್ಚು ತೂಕದ್ದು. ಮಾರಾಟ ನಿಲ್ಲಿಸಿದರೂ ವಾರಂಟಿ, ಸರ್ವಿಸ್, ಬಿಡಿಭಾಗ ಕೊಡುತ್ತೇವೆ ಎಂದು ಕಂಪನಿ ಮಾತು ಕೊಟ್ಟಿತ್ತು. ಮಾತು ಕೊಟ್ಟದ್ದು ಒಳ್ಳೆಯದೇ. ಆದರೆ ಹೊಸ ಗಾಡಿ ಮಾರಲಾಗದ ಡೀಲರ್ ಬರೀ ಸರ್ವಿಸ್‌ನಿಂದ ಎಷ್ಟು ದಿನ ಶೆಡ್ಡಿನ ಬಾಡಿಗೆ, ಕೆಲಸಗಾರರ ಪಗಾರ ತೂಗಿಸಿಯಾನು? ದೊಡ್ಡ ನಗರದವನಿಗೆ ಒಂದು ಸರ್ವಿಸ್ ಕೇಂದ್ರ ಮುಚ್ಚಿದರೆ ಮತ್ತೊಂದಿದೆ. ಅಥಣಿಯಿಂದ ಬೆಳಗಾವಿಗೆ ಹೋಗಿಬರುವುದೆಂದರೆ ಇಡೀ ದಿನದ ದುಡಿಮೆ ಕೈಬಿಟ್ಟಂತೆ. ಇಂಥ ಕಡೆ ಟವೇರಾವನ್ನು ಓಡಿಸುತ್ತ ಬಂದವರು ಊರಿನ ಗ್ಯಾರೇಜಿನ ಮಿಸ್ತ್ರಿಗಳು. ಸರಳ ಡೀಸೆಲ್ ಎಂಜಿನ್ನನ್ನು ಬಿಚ್ಚಿ ಕೂಡಿಸುವುದನ್ನು ಅವರು ಕಲಿತರು. ಕಂಪನಿಯ ಪಾರ್ಟು ಸಿಗದ ಕಡೆ ಹೊರಗಿನ ತಯಾರಕರ ಪಾರ್ಟು ಹಾಕಿದರು, ಗುಜರಿಗೆ ಬಂದ ಗಾಡಿಯ ಗಟ್ಟಿ ಭಾಗ ತಂದು ಇನ್ನೊಂದಕ್ಕೆ ಜೀವ ಕೊಟ್ಟರು. ಟವೇರಾಕ್ಕೆ ಇಂದು ಇರುವ ಒಳ್ಳೆಯ ಹೆಸರು ಅವರ ಕೈಯಿಂದ ಬಂದದ್ದು, ಅದರ ಕೀರ್ತಿ ಡೆಟ್ರಾಯಿಟ್‌ಗೆ ಸಲ್ಲಬೇಕಿಲ್ಲ. ಈ ಜಾಣ್ಮೆಗೂ ಒಂದು ಗಡಿಯಿದೆ. ಸೆನ್ಸರು, ಕಂಪ್ಯೂಟರುಗಳ ಮೇಲೆ ನಡೆಯುವ ಬೀಟ್ ಡೀಸೆಲ್, ಕ್ರೂಜ್‌ನಂಥ ಗಾಡಿಗಳಲ್ಲಿ ದೋಷ ಹಿಡಿಯಲು ಕಂಪನಿಯ ಸ್ಕ್ಯಾನರು ಬೇಕು, ಬದಲಿಸಲು ಅದೇ ಭಾಗ ಬೇಕು. ಅಲ್ಲಿ ಪಾನಾ, ಸುತ್ತಿಗೆ ಹಿಡಿದ ಕೈ ಎಷ್ಟೇ ಪಳಗಿದ್ದರೂ ಸೋಲುತ್ತದೆ. ಗಾಡಿಗಳು ಹೊಸತಾದಷ್ಟೂ ಕಂಪನಿ ಇರಲೇಬೇಕಾದ ಅಗತ್ಯ ಹೆಚ್ಚುತ್ತಿದೆ, ಕಂಪನಿಗಳೋ ಹೊರಡುವುದನ್ನು ಹಗುರ ಮಾಡಿಕೊಳ್ಳುತ್ತಿವೆ.

ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸಿತು. 2024ರಲ್ಲಿ ಚೆನ್ನೈ ಕಾರ್ಖಾನೆಯನ್ನು ರಫ್ತಿಗಾಗಿ ಮತ್ತೆ ತೆರೆಯುವ ಮಾತಾಡಿತು, ಆ ಮಾತಿನಲ್ಲಿ ಇಲ್ಲಿನ ಗಿರಾಕಿಗೆ ಜಾಗವಿರಲಿಲ್ಲ. ಅಮೆರಿಕದ ಜೀಪ್ ಕಂಪನಿ ಪುಣೆಯ ಬಳಿ ರಾಂಜಣಗಾವದಲ್ಲಿ ತಯಾರಿಸಿ ಮಾರುತ್ತಿದೆ. ನಾಳೆ ಇನ್ನಾವುದೋ ದೇಶದ ಬ್ಯಾಟರಿ ಗಾಡಿ ಬರುತ್ತದೆ. ಬರುವವರನ್ನು ತಡೆಯಬೇಕೆಂದು ನಾನು ಹೇಳುತ್ತಿಲ್ಲ, 1950ರ ದಶಕದ ನೀತಿಗೆ ಮರಳಬೇಕೆಂದೂ ಅಲ್ಲ. ಸರ್ಕಾರ ಸ್ವಂತ ಬಳಕೆಯ ಹೊಸ ಗಾಡಿಗೆ ಹದಿನೈದು ವರ್ಷದ ನೋಂದಣಿ ಕೊಟ್ಟು, ಆ ಅವಧಿಯ ತೆರಿಗೆಯನ್ನು ಮೊದಲೇ ಕಟ್ಟಿಸಿಕೊಳ್ಳುತ್ತದೆ. ಬಾಡಿಗೆ ಗಾಡಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಓಡಲು ಯೋಗ್ಯವೆಂಬ ತಪಾಸಣೆ, ಪಾಸು ಮಾಡಬೇಕು. ಗಾಡಿಯ ಯಜಮಾನನ ಮೇಲೆ ಇಷ್ಟು ವರ್ಷದ ಕಟ್ಟಳೆ ಹೊರಿಸುವ ಕಾನೂನು ಅದನ್ನು ಮಾರಿದವನ ಮೇಲೂ ಅಷ್ಟೇ ವರ್ಷದ ಹೊಣೆ ಹೊರಿಸಬೇಕು: ನೋಂದಣಿಯ ಅವಧಿ ಮುಗಿಯುವವರೆಗೆ ಮುಖ್ಯ ಬಿಡಿಭಾಗಗಳ ದಾಸ್ತಾನು, ತಾಲ್ಲೂಕು ಮಟ್ಟದ ಗ್ಯಾರೇಜುಗಳಿಗೂ ಸಿಗುವ ದುರಸ್ತಿ ಕೈಪಿಡಿ ಮತ್ತು ಸ್ಕ್ಯಾನರು, ಕಂಪನಿ ಹೊರಟರೂ ಈ ಖರ್ಚು ನಿಭಾಯಿಸಲು ಮೊದಲೇ ಇಟ್ಟ ಠೇವಣಿ. ಅಲ್ಲಿಯವರೆಗೆ ರಾಯಬಾಗದಲ್ಲಾಗಲಿ ಕಾಗವಾಡದಲ್ಲಾಗಲಿ ಹೊಸ ಗುರುತಿನ ಗಾಡಿಗೆ ಮುಂಗಡ ಕೊಡುವವರು ಮೈಲೇಜು, ಸೀಟು, ಬೆಲೆಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಶೋರೂಮಿನಲ್ಲಿ ಕೇಳಬೇಕು: ಹನ್ನೆರಡನೆಯ ವರ್ಷದಲ್ಲಿ ಇದರ ಪಾರ್ಟನ್ನು ನನಗೆ ಯಾರು, ಎಲ್ಲಿ ಕೊಡುತ್ತಾರೆ, ಅದನ್ನು ಕಾಗದದ ಮೇಲೆ ಬರೆದು ಕೊಡುತ್ತೀರಾ?