ಬೆರಳಿಗೆ ಉಂಗುರ, ಬಾಯಿಗೆ ಬೀಗ

1994ರ ಜುಲೈ ತಿಂಗಳಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಮೈದಾನದ ಹುಲ್ಲಿನ ಮೇಲೆ ಎರಡು ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ನೆಟ್ಟಿದ್ದರು. ಒಂದೊಂದರ ಮೇಲೂ ಒಬ್ಬ ಹುಡುಗನ ಅಥವಾ ಹುಡುಗಿಯ ಸಹಿ. ಮದುವೆಯವರೆಗೆ ಯಾರ ಜೊತೆಗೂ ಕೂಡುವುದಿಲ್ಲ ಎಂದು ದೇವರಿಗೆ ಕೊಟ್ಟ ಮಾತು ಅದು. ಹಿಂದಿನ ವರ್ಷವಷ್ಟೇ ಟೆನ್ನೆಸ್ಸಿಯ ನ್ಯಾಶ್‌ವಿಲ್ಲಿನಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಪಂಗಡದವರು ‘ಟ್ರೂ ಲವ್ ವೇಟ್ಸ್’ ಎಂಬ ಈ ಚಳವಳಿ ಶುರು ಮಾಡಿದ್ದರು. ಬರಬರುತ್ತ ಆ ಮಾತಿನ ಗುರುತಾಗಿ ಬೆರಳಿಗೆ ಬೆಳ್ಳಿಯುಂಗುರ ತೊಡುವ ರೂಢಿಯೂ ಬಂತು. ಅದೇ ಕಾಲದಲ್ಲಿ ಅಮೆರಿಕದ ಸಾವಿರಾರು ಶಾಲಾ ಮಕ್ಕಳ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ‘ಆಡ್ ಹೆಲ್ತ್’ ಎಂಬ ಅಧ್ಯಯನವೂ ಆರಂಭವಾಯಿತು. ಅಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಒಂದು: ನೀನು ಇಂಥ ಪ್ರತಿಜ್ಞೆ ಮಾಡಿದ್ದೀಯಾ? ಧರ್ಮಕ್ಕೂ ಯೌವನಕ್ಕೂ ಇರುವ ನಂಟಿನ ಬಗ್ಗೆ ನಾವು ಸುಮ್ಮನೆ ನಂಬಿಕೊಂಡು ಬಂದ ಹಲವು ಮಾತುಗಳನ್ನು ಆ ಒಂದು ಪ್ರಶ್ನೆ ಒರೆಗೆ ಹಚ್ಚಿತು.

ತಪ್ಪು ಕಲ್ಪನೆ: ದೇವರ ಮುಂದೆ ಆಣೆ ಮಾಡಿದವರು ತಪ್ಪಿ ನಡೆಯುವುದಿಲ್ಲ.

ವಾಸ್ತವ: 2009ರಲ್ಲಿ ಜ್ಯಾನೆಟ್ ರೋಸೆನ್‌ಬಾಮ್ ಎಂಬ ಸಂಶೋಧಕಿ ಆಡ್ ಹೆಲ್ತ್‌ನ ಮಾಹಿತಿಯನ್ನೇ ಬಳಸಿ ಪ್ರತಿಜ್ಞೆ ಮಾಡಿದವರನ್ನು ಮಾಡದವರ ಜೊತೆ ಹೋಲಿಸಿದರು. ಭಕ್ತಿ, ಮನೆಯ ವಾತಾವರಣ, ಲೈಂಗಿಕತೆಯ ಬಗೆಗಿನ ನಿಲುವು ಹೀಗೆ ನೂರಕ್ಕೂ ಹೆಚ್ಚು ವಿಷಯಗಳಲ್ಲಿ ಮೊದಲಿನಿಂದಲೂ ಒಂದೇ ತರಹ ಇದ್ದವರನ್ನು ಆರಿಸಿ ಅಕ್ಕಪಕ್ಕ ಇಟ್ಟರು. ಐದು ವರ್ಷದ ಬಳಿಕ ನೋಡಿದರೆ ಎರಡೂ ಗುಂಪಿನಲ್ಲಿ ಮದುವೆಗೆ ಮುಂಚಿನ ಸಂಬಂಧದ ಪ್ರಮಾಣ ಒಂದೇ. ಮೊದಲ ಸಂಬಂಧದ ವಯಸ್ಸೂ ಬೇರೆಯಾಗಿರಲಿಲ್ಲ. ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಂದು ಅಂಕಿ. ಪ್ರತಿಜ್ಞೆ ಮಾಡಿದವರಲ್ಲಿ ಶೇಕಡಾ 82ರಷ್ಟು ಜನ ತಾವು ಅಂಥ ಪ್ರತಿಜ್ಞೆ ಮಾಡಿಯೇ ಇಲ್ಲ ಎಂದರು. ಅವರೆಲ್ಲ ಸುಳ್ಳುಗಾರರೆಂದು ನನಗೆ ಅನಿಸುವುದಿಲ್ಲ. ಹದಿನೈದರಲ್ಲಿ ಸಭೆಯ ಮುಂದೆ ನಿಂತು ಆಡಿದ ಮಾತನ್ನು ಇಪ್ಪತ್ತರ ಮನಸ್ಸು ತನ್ನದೆಂದು ಒಪ್ಪದೇ ಹೋಗಿರಬಹುದು.

ತಪ್ಪು ಕಲ್ಪನೆ: ಹಾಗಾದರೆ ಧರ್ಮದಿಂದ ಏನೂ ಆಗುವುದಿಲ್ಲ, ಎಲ್ಲ ಬರೀ ತೋರಿಕೆ.

ವಾಸ್ತವ: ಇದೂ ಅವಸರದ ತೀರ್ಮಾನ. ರೋಸೆನ್‌ಬಾಮ್ ಅವರ ಹೋಲಿಕೆ ನಡೆದದ್ದು ಒಂದೇ ಮಟ್ಟದ ಭಕ್ತಿಯವರ ನಡುವೆ. ಅಲ್ಲಿ ಸೋತದ್ದು ಕಾರ್ಡು ಮತ್ತು ಉಂಗುರ. ಭಕ್ತಿಯಲ್ಲಿ ಬೆಳೆದ ಮಕ್ಕಳು ಸಾಮಾನ್ಯವಾಗಿ ತಡವಾಗಿ ಸಂಬಂಧಕ್ಕೆ ಬರುತ್ತಾರೆ ಎಂಬುದನ್ನು ಹಲವು ಅಧ್ಯಯನಗಳು ಕಂಡಿವೆ. ಅದಕ್ಕೂ ಮುಂಚೆ, 2001ರಲ್ಲಿ, ಪೀಟರ್ ಬೇರ್‌ಮನ್ ಮತ್ತು ಹನಾ ಬ್ರೂಕ್ನರ್ ಎಂಬ ಸಂಶೋಧಕರು ಕಂಡದ್ದಂತೂ ಕುತೂಹಲದ ಸಂಗತಿ. ಅವರ ಲೆಕ್ಕದಲ್ಲಿ ಪ್ರತಿಜ್ಞೆ ಮಾಡಿದ ಕೆಲವರು ಸರಾಸರಿ ಒಂದೂವರೆ ವರ್ಷ ತಡ ಮಾಡಿದ್ದರು. ಆದರೆ ಶಾಲೆಯಲ್ಲಿ ಪ್ರತಿಜ್ಞೆ ಮಾಡಿದವರು ಕೆಲವೇ ಮಂದಿ ಇದ್ದಾಗ ಮಾತ್ರ ಅದು ಫಲ ಕೊಡುತ್ತಿತ್ತು. ಅವರ ಸಂಖ್ಯೆ ಶೇಕಡಾ 30ರ ಆಸುಪಾಸು ದಾಟಿದರೆ ಪರಿಣಾಮ ಕರಗಿಹೋಗುತ್ತಿತ್ತು. ನಾವು ಬೇರೆ, ನಮ್ಮ ಬಳಗ ಬೇರೆ ಎಂಬ ಹೆಮ್ಮೆ ಆ ಮಕ್ಕಳನ್ನು ಹಿಡಿದಿಟ್ಟಿತ್ತು. ಎಲ್ಲರ ಬೆರಳಲ್ಲೂ ಉಂಗುರ ಬಂದ ಮೇಲೆ ಆ ಹೆಮ್ಮೆಗೆ ಜಾಗವೆಲ್ಲಿ?

ತಪ್ಪು ಕಲ್ಪನೆ: ಪ್ರತಿಜ್ಞೆ ಮಾಡಿದವರಿಗೆ ಲೈಂಗಿಕ ಸೋಂಕಿನ ಭಯವಿಲ್ಲ.

ವಾಸ್ತವ: ಅದೇ ಇಬ್ಬರು 2005ರಲ್ಲಿ ಮತ್ತೆ ನೋಡಿದರು. ಈ ಸಲ ಬಾಯಿಮಾತನ್ನಷ್ಟೇ ನಂಬದೆ ಮೂತ್ರ ಪರೀಕ್ಷೆಯ ಫಲಿತಾಂಶವನ್ನೂ ಇಟ್ಟುಕೊಂಡಿದ್ದರು. ಕ್ಲಮೈಡಿಯಾ, ಗೊನೋರಿಯಾದಂಥ ಸೋಂಕುಗಳ ಪ್ರಮಾಣದಲ್ಲಿ ಪ್ರತಿಜ್ಞೆ ಮಾಡಿದವರಿಗೂ ಮಾಡದವರಿಗೂ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ತಡವಾಗಿ ಶುರು ಮಾಡಿಯೂ ಹೀಗೇಕೆ? ಪ್ರತಿಜ್ಞೆ ಮಾಡಿದವರು ಮೊದಲ ಸಲ ಕಾಂಡೋಮ್ ಬಳಸಿದ್ದು ಕಡಿಮೆ. ಪರೀಕ್ಷೆ ಮಾಡಿಸಿಕೊಂಡದ್ದೂ ಕಡಿಮೆ. ಹಾಗಾಗಿ ತಮಗೆ ಸೋಂಕಿದ್ದರೂ ಅದು ಅವರಿಗೆ ತಿಳಿಯುವ ಸಾಧ್ಯತೆಯೂ ಕಡಿಮೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಡೀ ವಿಷಯದ ನೋವಿನ ಗಂಟು ಇರುವುದು ಇಲ್ಲೇ. ಪಾಪಭೀತಿಯಲ್ಲಿ ಬೆಳೆದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಯಾವುದೋ ಗಳಿಗೆಯಲ್ಲಿ ಮನಸೋತೆ ಎಂದರೆ ಅವಳ ಲೆಕ್ಕದಲ್ಲಿ ಒಂದು ತಪ್ಪು. ಮೊದಲೇ ಔಷಧಿ ಅಂಗಡಿಗೆ ಹೋಗಿ ತಯಾರಾಗಿದ್ದೆ ಎಂದರೆ ಎರಡು ತಪ್ಪು. ಹಾಗಾಗಿ ಅವಳು ತಯಾರಾಗುವುದಿಲ್ಲ. ಆಮೇಲೆ ಡಾಕ್ಟರ ಹತ್ತಿರ ಹೋದರೆ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಅದನ್ನೂ ಮುಂದೂಡುತ್ತಾಳೆ. ಕ್ಲಮೈಡಿಯಾ ಹೆಂಗಸರಲ್ಲಿ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರದೆ ಒಳಗೇ ಇರುತ್ತದೆ. ಬೇಗ ಗೊತ್ತಾದರೆ ಆಂಟಿಬಯೋಟಿಕ್‌ನಿಂದ ವಾಸಿಯಾಗುವ ಈ ಸೋಂಕು, ಬಿಟ್ಟರೆ ಗರ್ಭನಾಳಕ್ಕೆ ಹಬ್ಬಿ ಬಂಜೆತನ ತರಬಲ್ಲದು. ಅವಳಿಗೆ ಪೆಟ್ಟು ಕೊಟ್ಟದ್ದು ದೈವಭಕ್ತಿ ಎಂದು ನಾನು ಹೇಳಲಾರೆ. ಕಾಯಬೇಕು ಎಂದು ಹೇಳಿದವರು, ಕಾಯಲಾಗದೆ ಹೋದರೆ ಏನು ಮಾಡಬೇಕು ಎಂಬ ಮಾತನ್ನು ನುಂಗಿಕೊಂಡರು.

ತಪ್ಪು ಕಲ್ಪನೆ: ತಿಳಿವಳಿಕೆ ಕೊಟ್ಟರೆ, ಲಸಿಕೆ ಹಾಕಿಸಿದರೆ, ಮಕ್ಕಳಿಗೆ ನಾವೇ ಅನುಮತಿ ಕೊಟ್ಟಂತೆ.

ವಾಸ್ತವ: ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಧಾರ್ಮಿಕ ಸಂಪ್ರದಾಯವಾದಿಗಳಲ್ಲಿ ಹಲವರು ಇದೇ ಮಾತು ಎತ್ತಿದರು. 2012ರಲ್ಲಿ ಸಂಶೋಧಕರು ಅಟ್ಲಾಂಟಾದ ಸುಮಾರು 1,400 ಹುಡುಗಿಯರ ವೈದ್ಯಕೀಯ ದಾಖಲೆಗಳನ್ನು ತೆಗೆದು ನೋಡಿದರು. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಲಸಿಕೆ ಪಡೆದವರಿಗೂ ಪಡೆಯದವರಿಗೂ ಮುಂದಿನ ಮೂರು ವರ್ಷಗಳಲ್ಲಿ ಗರ್ಭ, ಸೋಂಕು, ಗರ್ಭನಿರೋಧಕದ ಸಲಹೆ ಯಾವುದರಲ್ಲೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಈ ಭಯ ನಮಗೂ ಹೊಸದಲ್ಲ. 2007ರಲ್ಲಿ ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಡೆದಾಗ ಸಂಸ್ಕೃತಿಯ ಹೆಸರಲ್ಲಿ ಕೇಳಿಬಂದದ್ದೂ ಇದೇ ಆತಂಕ.

ತಪ್ಪು ಕಲ್ಪನೆ: ನಂಬಿಕೆಯುಳ್ಳವರು ಇದನ್ನೆಲ್ಲ ಬಾಯಿಬಿಟ್ಟು ಕಲಿಸಲಾರರು.

ವಾಸ್ತವ: ಹಳೆಯ ಪಾಠವನ್ನು ತಿದ್ದಿಕೊಂಡವರೂ ಇದ್ದಾರೆ, ಹೊಸದಾಗಿ ಕಲಿಸಿದವರೂ ಇದ್ದಾರೆ. ಡೇಟಿಂಗೇ ಬೇಡ ಎಂದು 1997ರಲ್ಲಿ ಪುಸ್ತಕ ಬರೆದು, ಮದುವೆಯವರೆಗೆ ಕಾಯಬೇಕೆನ್ನುವ ಶುದ್ಧತೆಯ ಚಳವಳಿಗೆ ಮುಖವಾಗಿದ್ದ ಜೋಶುವಾ ಹ್ಯಾರಿಸ್, ಅದನ್ನು ಓದಿ ನೊಂದವರ ಮಾತು ಕೇಳಿದ ಮೇಲೆ 2018ರಲ್ಲಿ ಕ್ಷಮೆ ಕೇಳಿ ಅದರ ಪ್ರಕಟಣೆ ನಿಲ್ಲಿಸಿದರು. ಇರಾನಿನಲ್ಲಿ ಇಸ್ಲಾಮಿಕ್ ಗಣರಾಜ್ಯವೇ 1989ರ ನಂತರ ಕುಟುಂಬ ಯೋಜನೆಯನ್ನು ಮತ್ತೆ ಕೈಗೆತ್ತಿಕೊಂಡು, ಮದುವೆಯಾಗುವ ಜೋಡಿಗಳಿಗೆ ಗರ್ಭನಿರೋಧಕದ ಪಾಠವನ್ನು ಕಡ್ಡಾಯ ಮಾಡಿತ್ತು. ಇನ್ನು ಅಮೆರಿಕದಲ್ಲೇ ಯೂನಿಟೇರಿಯನ್ ಯೂನಿವರ್ಸಲಿಸ್ಟರು ಮತ್ತು ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಸೇರಿ 1999ರಿಂದ ‘ಅವರ್ ಹೋಲ್ ಲೈವ್ಸ್’ ಎಂಬ ಪಠ್ಯಕ್ರಮ ನಡೆಸುತ್ತಿವೆ. ಪುಟ್ಟ ಮಕ್ಕಳಿಂದ ಹಿಡಿದು ವಯಸ್ಕರವರೆಗೆ ಅದರಲ್ಲಿ ಪಾಠವಿದೆ. ದೇಹ, ಒಪ್ಪಿಗೆ, ಕಾಂಡೋಮ್, ಕಾಯುವ ನಿರ್ಧಾರ, ಎಲ್ಲವೂ ಅಲ್ಲಿ ಮಾತಿಗೆ ಬರುತ್ತವೆ. ಮಕ್ಕಳ ತರಗತಿ ಶುರುವಾಗುವ ಮುಂಚೆ ತಂದೆತಾಯಿಯರನ್ನು ಚರ್ಚಿಗೆ ಕರೆದು, ಏನೇನು ಕಲಿಸಲಿದ್ದೇವೆ ಎಂಬುದನ್ನು ತೆರೆದು ತೋರಿಸುತ್ತಾರೆ.